ಹೆಸರು ಹೇಳದ ಸರ್ವಮಂಗಳ ಕಾಡು ನೋಡಿದ್ದು

ಚಿಕ್ಕಜಾಜೂರು ಜಂಕ್ಷನ್ನಿನ ಬುಕಿಂಗ್ ಕ್ಲರ್ಕ್ ಮುರುಗೇಶಪ್ಪ ಇಪ್ಪತ್ತು ವರ್ಷಗಳಿಂದ ಕಿಂಡಿಯ ಹಿಂದೆ ಕೂತು ಊರಿನವರನ್ನೆಲ್ಲ ಬೇರೆ ಊರುಗಳಿಗೆ ಕಳಿಸುತ್ತಿದ್ದ. ತಾನು ಮಾತ್ರ ದೇವರಿದ್ದ ಕಡೆ ಬಿಟ್ಟು ಇನ್ನೆಲ್ಲಿಗೂ ಹೋದವನಲ್ಲ. ಅದಕ್ಕೆ ಕಾರಣ ಅವನ ಹೆಂಡತಿ ಸರ್ವಮಂಗಳ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಮಕ್ಕಳಾಗಿರಲಿಲ್ಲ. ಹಾಗಾಗಿ ಅವನಿಗೆ ಎರಡು ದಿನ ರಜೆ ಸಿಕ್ಕಿದರೆ ಸಾಕು, ಅವಳು ಹಣ್ಣುಕಾಯಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು.

ಹೊರಕೆರೆದೇವಪುರದ ಸ್ವಾಮಿಗೆ ಅವಳು ಉರುಳುಸೇವೆ ಮಾಡಿದ್ದಳು. ಹಾಲುರಾಮೇಶ್ವರದಲ್ಲಿ ಗಂಗಮ್ಮನ ಕೊಳದ ಮುಂದೆ ಕೂತು ಬೇಡಿಕೊಂಡರೆ ಬೇಡಿದ್ದು ನೀರಿನಲ್ಲಿ ತೇಲಿ ಬರುತ್ತದೆಂಬ ನಂಬಿಕೆ ಇದೆ. ಸರ್ವಮಂಗಳ ಅಲ್ಲಿ ಮೂರು ಸಲ ಸೆರಗೊಡ್ಡಿ ಕೂತಿದ್ದಳು. ಪಕ್ಕದಲ್ಲಿ ಕೂತ ಹೆಂಗಸಿಗೆ ಪುಟ್ಟ ತೊಟ್ಟಿಲು ತೇಲಿ ಬಂತು. ಇವಳಿಗೆ ಮೂರು ಸಲವೂ ಬಂದದ್ದು ವೀಳ್ಯದೆಲೆ.

"ಗಂಗಮ್ಮನ ಕಣ್ಣಿಗೆ ನಾವು ಎಲೆ ಅಡಿಕೆ ಅಂಗ್ಡಿಯವರಂಗೆ ಕಾಣ್ತೀವೇನೋ" ಎಂದು ಮುರುಗೇಶಪ್ಪ ಅಂದದ್ದಕ್ಕೆ ಸರ್ವಮಂಗಳ ಎರಡು ದಿನ ಅವನೊಂದಿಗೆ ಮಾತು ಬಿಟ್ಟಿದ್ದಳು.

ಅವನು ಹಾಗೆಯೇ. ದೇವರಿರಲಿ, ಶಾಸ್ತ್ರವಿರಲಿ, ಹಲ್ಲಿ ಲೊಚಗುಟ್ಟುವುದಿರಲಿ, ಎಲ್ಲವನ್ನೂ ಗೇಲಿ ಮಾಡುತ್ತಿದ್ದ. ಅವನು ಅತಿ ಹೆಚ್ಚು ಗೇಲಿ ಮಾಡುತ್ತಿದ್ದದ್ದು ಹೆಂಡತಿ ತನ್ನ ಹೆಸರು ಹೇಳದೆ ಇರುವುದನ್ನು. ಗಂಡನ ಹೆಸರು ಹೇಳದ ಹೆಂಗಸರು ಆ ಸೀಮೆಯಲ್ಲಿ ಮನೆಗೊಬ್ಬರಿದ್ದರು, ಅದರಲ್ಲಿ ವಿಶೇಷವೇನಿಲ್ಲ. ಆದರೆ ಸರ್ವಮಂಗಳಳ ವ್ರತ ಸ್ವಲ್ಪ ಅತಿಯಾಗಿತ್ತು. ಚಿತ್ರದುರ್ಗದ ಮುರುಘಾ ಮಠ ಅವಳ ಬಾಯಲ್ಲಿ 'ದುರ್ಗದ ದೊಡ್ಡ ಮಠ' ಆಗಿತ್ತು. ಮುರುಕು ಕುರ್ಚಿಗೆ ಅವಳು 'ಕಾಲು ಹೋದ ಕುರ್ಚಿ' ಅನ್ನುತ್ತಿದ್ದಳು. ಎಪ್ಪತ್ತೊಂದರ ಜನಗಣತಿಗೆ ಬಂದ ಮೇಷ್ಟ್ರು ಯಜಮಾನರ ಹೆಸರು ಕೇಳಿದಾಗ ಇವಳು ಗೋಡೆ ನೋಡುತ್ತ ನಿಂತಳು. ಕೊನೆಗೆ ಪಕ್ಕದ ಮನೆಯ ಮಲ್ಲಕ್ಕ ಕಾಂಪೌಂಡಿನಾಚೆಯಿಂದ ಕೂಗಿ ಹೇಳಿದ ಮೇಲೆಯೇ ಮುರುಗೇಶಪ್ಪ ಭಾರತದ ಲೆಕ್ಕಕ್ಕೆ ಸಿಕ್ಕಿದ್ದು.

ಇದನ್ನು ಅವಳ ತಲೆಗೆ ತುಂಬಿದವಳು ಅತ್ತೆ ಮಹಾದೇವಮ್ಮ. "ಗಂಡನ ಹೆಸ್ರು ಒಂದ್ ಸಲ ಬಾಯಿಗೆ ಬಂತು ಅಂದ್ರೆ ಅವನ ಆಯಸ್ಸಿನಾಗೆ ಒಂದ್ ವರ್ಷ ಹೋತು ಅಂತ ತಿಳ್ಕ" ಎಂದು ಮುದುಕಿ ಮದುವೆಯ ವಾರವೇ ಹೇಳಿದ್ದಳು. ಮುದುಕಿಗೆ ಸ್ವಂತ ಅನುಭವವಿತ್ತು. ಗಂಡನನ್ನು ಆಸ್ಪತ್ರೆಗೆ ಸೇರಿಸುವಾಗ ಚೀಟಿ ಬರೆಸಲು ಬೇರೆ ದಾರಿಯಿಲ್ಲದೆ ಹೆಸರು ಹೇಳಿದ್ದಳು, ಅವನು ಒಂಬತ್ತನೇ ದಿನಕ್ಕೆ ಹೋಗಿಬಿಟ್ಟ. ಅಪ್ಪ ಆಸ್ಪತ್ರೆಗೆ ಹೋದದ್ದೇ ಸಾಯುವಂತಾದ ಮೇಲೆ ಎಂದು ಮುರುಗೇಶಪ್ಪ ಎಷ್ಟು ಹೇಳಿದರೂ ಮಹಾದೇವಮ್ಮ ಕೊನೆಯವರೆಗೂ ಗಂಡನನ್ನು ಕೊಂದದ್ದು ತನ್ನ ನಾಲಿಗೆಯೇ ಎಂದು ನಂಬಿ ತೀರಿಕೊಂಡಳು.

ಸರ್ವಮಂಗಳಳ ಬಳಿಯೂ ಸಾಕ್ಷಿ ಇತ್ತು. ಮದುವೆಯ ಭೂಮದೂಟದಲ್ಲಿ ಎಲ್ಲರೂ ಸೇರಿ ಪೀಡಿಸಿ ಅವಳಿಂದ ಒಡಪಿನ ಪದದಲ್ಲಿ ಗಂಡನ ಹೆಸರು ಹೇಳಿಸಿದ್ದರು. ಅವಳು ಜೀವನದಲ್ಲಿ ಆ ಹೆಸರು ಹೇಳಿದ್ದು ಅದೊಂದೇ ಸಲ. ಮಾರನೆಯ ದಿನ ಬೆಳಿಗ್ಗೆ ವರನಿಗೆ ಮಂಗಬಾವು. ಅವತ್ತೇ ತೆಗೆಸಿದ ಮದುವೆಯ ಫೋಟೋದಲ್ಲಿ ಮುರುಗೇಶಪ್ಪನ ಎರಡು ಕೆನ್ನೆಗಳು ಬಾಸಿಂಗದಾಚೆಗೂ ಕಾಣುತ್ತವೆ. ಆ ಫೋಟೋ ನಡುಮನೆಯ ಗೋಡೆಯ ಮೇಲೆ ನೇತಾಡುತ್ತಿರುವಾಗ ಅವಳಿಗೆ ಇನ್ನಾವ ಪುರಾವೆ ಬೇಕು?

ಎಪ್ಪತ್ತೈದರ ಡಿಸೆಂಬರಿನಲ್ಲಿ ಪೇಪರಿನಲ್ಲಿ ಒಂದು ಸುದ್ದಿ ಬಂತು. ಹಿರಿಯೂರಿನ ಹತ್ತಿರ ಮಾರಿಕಣಿವೆಯ ಹಿನ್ನೀರಿನ ಸುತ್ತಲ ಗುಡ್ಡಕಾಡನ್ನೆಲ್ಲ ಸೇರಿಸಿ ರಾಷ್ಟ್ರೀಯ ಉದ್ಯಾನ ಮಾಡುತ್ತಾರಂತೆ, ಯಾರೋ ಎಲ್ಲೋ ಭಾಷಣದಲ್ಲಿ ಹೇಳಿದರಂತೆ. ಮುರುಗೇಶಪ್ಪ ಆ ತುಣುಕನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದ.

"ಭಾನುವಾರ ಹೋಗಾಣ ಕಣೇ."

"ಅಲ್ಲಿ ಯಾವ ದೇವ್ರೈತೆ?"

"ಯಾವ ದೇವ್ರೂ ಇಲ್ಲ. ನೀರೈತೆ, ಗುಡ್ಡ ಐತೆ, ಕಾಡೈತೆ. ಸುಮ್ನೆ ನೋಡಿ ಬರೋದು."

"ನೋಡಾಕೆ ಅಷ್ಟು ದೂರ ಹೋಗ್ಬೇಕಾ? ಗುಡ್ಡ ಇಲ್ಲೂ ಅವೆ."

ಮುರುಗೇಶಪ್ಪ ಸಾಮಾನ್ಯವಾಗಿ ಇಂಥ ಮಾತಿಗೆ ಒಂದು ಕುಹಕ ಉತ್ತರ ಸಿದ್ಧವಾಗಿ ಇಟ್ಟುಕೊಂಡಿರುತ್ತಿದ್ದ. ಅವತ್ತು ಹಾಗೆ ಮಾಡಲಿಲ್ಲ. "ಇಪ್ಪತ್ತೆರಡು ವರ್ಷ ಹೋದಲ್ಲೆಲ್ಲ ಕೈಯೊಡ್ಡಿದ್ದೀಯ. ಒಂದ್ ದಿನ ಏನೂ ಕೇಳದೆ ಇರೋ ಜಾಗಕ್ಕೆ ಹೋಗಾಣ ಅಂತ" ಎಂದ. ಸರ್ವಮಂಗಳ ಒಲೆಯ ಕಡೆ ತಿರುಗಿಕೊಂಡಳು. ಕಣ್ಣಲ್ಲಿ ನೀರು ಬಂದಿತ್ತು. ಹೊಗೆ ಎಂದು ನೆಪ ಹೇಳಲು ಒಲೆ ಹೊತ್ತಿರಲಿಲ್ಲ.

ಭಾನುವಾರ ಬೆಳಗಿನ ರೈಲಿಗೆ ಹೊರಟರು. ಆ ವರ್ಷ ತುರ್ತು ಪರಿಸ್ಥಿತಿ ಇದ್ದದ್ದರಿಂದ ರೈಲು ಸರಿಯಾದ ಹೊತ್ತಿಗೆ ಬಂದುಬಿಟ್ಟು, ಮುರುಗೇಶಪ್ಪ ಸ್ವತಃ ರೈಲ್ವೆಯವನಾಗಿಯೂ ಓಡಿಹೋಗಿ ಹತ್ತಬೇಕಾಯಿತು. ದುರ್ಗದಲ್ಲಿ ಇಳಿದು ಬಸ್ಸಿನಲ್ಲಿ ಹಿರಿಯೂರು. ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಅವನು ಮಂಡಕ್ಕಿಯ ಜೊತೆ ಆರು ಮೆಣಸಿನಕಾಯಿ ಬಜ್ಜಿ ತಿಂದ. ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ ಇವೆಯೆಂದು ಸರ್ವಮಂಗಳ ನೆನಪಿಸಿದಳು. ಅದು ಮಧ್ಯಾಹ್ನಕ್ಕೆ ಎಂದು ಅವನು ಏಳನೆಯದಕ್ಕೂ ಕೈ ಹಾಕಿದ. ಈ ಕಥೆಯಲ್ಲಿ ನಡೆದ ಅನಾಹುತಕ್ಕೆಲ್ಲ ಆ ಏಳು ಬಜ್ಜಿಗಳೇ ಕಾರಣವೆಂದು ಸರ್ವಮಂಗಳ ಇವತ್ತಿಗೂ ಹೇಳುತ್ತಾಳೆ.

ಮಾರಿಕಣಿವೆಯಲ್ಲಿ ಬಸ್ಸು ಇಳಿದರೆ ಎದುರಿಗೇ ಕಣಿವೆ ಮಾರಮ್ಮನ ಗುಡಿ. ಸರ್ವಮಂಗಳಳ ಕಾಲು ತಾನಾಗಿ ಆ ಕಡೆ ತಿರುಗಿತು. ಮುರುಗೇಶಪ್ಪ ಕೆಮ್ಮಿದ. ಒಪ್ಪಿ ಬಂದ ಮಾತು ಮಾತೇ ಎಂದು ಅವಳು ಗುಡಿಯ ಮುಂದೆ ತಲೆ ತಗ್ಗಿಸಿ ನಡೆದಳು. 'ಏನೂ ಕೇಳ್ತಿಲ್ಲ ಕಣವ್ವ, ಸುಮ್ನೆ ಹೋಗ್ತಿದ್ದೀವಿ, ಬೇಜಾರು ಮಾಡ್ಕಬ್ಯಾಡ' ಎಂದು ಮನಸ್ಸಿನಲ್ಲೇ ಅಂದುಕೊಂಡದ್ದು ಅವನಿಗೆ ಕೇಳಿಸಲಿಲ್ಲ.

ಅವಳು ಅಣೆಕಟ್ಟೆಯ ಮೇಲೆ ಬಂದು ನಿಂತಳು. ಎರಡು ಗುಡ್ಡಗಳ ಸಂದಿಯಲ್ಲಿ ಕಟ್ಟೆ, ಅದರಾಚೆ ಕಣ್ಣು ಸೋಲುವಷ್ಟು ನೀರು, ನೀರಿನ ಸುತ್ತ ಗುಡ್ಡ, ಗುಡ್ಡದ ಹಿಂದೆ ಇನ್ನಷ್ಟು ಗುಡ್ಡ. ಇಷ್ಟು ನೀರು ಇಲ್ಲಿ ಸುಮ್ಮನೆ ಬಿದ್ದಿರುವಾಗ ತಮ್ಮೂರ ಬೋರಿಂಗಿನ ಮುಂದೆ ಕೊಡಕ್ಕಾಗಿ ಜುಟ್ಟು ಹಿಡಿದಾಡುವುದು ನೆನಪಾಗಿ ಅವಳಿಗೆ ಸಿಟ್ಟೂ ಬಂತು.

ಕಾಡಿನ ದಾರಿ ಶುರುವಾಗುವಲ್ಲಿ ಒಂದು ತಗಡಿನ ಗುಡಿಸಲು, ಅದರ ಮುಂದೆ ಖಾಕಿ ಅಂಗಿ ತೊಟ್ಟ ಕಾವಲುಗಾರ ಚಿಕ್ಕತಿಮ್ಮಪ್ಪ. ಬಂದವರ ಹೆಸರು ಬರೆಸಿಕೊಳ್ಳುವುದು ಅವನ ಕೆಲಸ. ಮುರುಗೇಶಪ್ಪ ರೈಲ್ವೆ ಗತ್ತಿನಲ್ಲಿ ಇಂಗ್ಲಿಷಿನಲ್ಲಿ ಸಹಿ ಹಾಕಿದ. ಚಿಕ್ಕತಿಮ್ಮಪ್ಪ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಗಂಭೀರವಾಗಿ ನೋಡಿ, "ಸರಿ ಐತೆ ಸ್ವಾಮಿ" ಎಂದ.

"ಉದ್ಯಾನ ಎಲ್ಲೈತಣ್ಣ?" ಎಂದು ಸರ್ವಮಂಗಳ ಕೇಳಿದಳು. ಉದ್ಯಾನ ಎಂದ ಮೇಲೆ ಹೂವು ಇದ್ದೇ ಇರುತ್ತದೆಂದು ಅವಳು ಬೆಳಿಗ್ಗೆ ಬೇಕೆಂದೇ ಬೋಳು ತುರುಬಿನಲ್ಲಿ ಹೊರಟಿದ್ದಳು.

"ಇದೇ ಕಣವ್ವ." ಚಿಕ್ಕತಿಮ್ಮಪ್ಪ ಕೋಲೆತ್ತಿ ಜಾಲಿ, ಕಾರೆ, ಬೋರೆ ಮುಳ್ಳುಗಳ ಗುಡ್ಡವನ್ನು ತೋರಿಸಿದ. "ದಾರಿ ಬಿಟ್ಟು ಹೋಗ್ಬ್ಯಾಡ್ರಿ. ಬೋರೆಹಣ್ಣಿನ ಕಾಲ, ಕರಡಿ ಕೆಳಗಿಳೀತಾವೆ."

"ಕರಡಿ ಕಂಡ್ರೆ ಟಿಕೆಟ್ ಕೊಟ್ಟು ಕಳಿಸ್ತೀನಿ ಬಿಡಪ್ಪ" ಎಂದ ಮುರುಗೇಶಪ್ಪ.

ಅರ್ಧ ಗುಡ್ಡ ಹತ್ತಿದ ಮೇಲೆ ನೀರಿಗೆ ಎದುರಾಗಿ ಒಂದು ಹಾಸುಬಂಡೆ ಸಿಕ್ಕಿತು. ಹೊಸದುರ್ಗದಿಂದ ವ್ಯಾನು ಮಾಡಿಕೊಂಡು ಬಂದಿದ್ದ ನಾಲ್ವರು ಜವಳಿ ವ್ಯಾಪಾರಿಗಳು ಹೆಂಡಂದಿರ ಸಮೇತ ಅಲ್ಲಿ ಮೊದಲೇ ಜಮಖಾನೆ ಹಾಸಿದ್ದರು. ಇವರೂ ಒಂದು ಪಕ್ಕ ಕೂತು ಬುತ್ತಿ ಬಿಚ್ಚಿದರು. ಗಾಳಿ ತಣ್ಣಗಿತ್ತು. ಏನೂ ಕೇಳದೆ ಕೂರುವುದು ಸರ್ವಮಂಗಳಳಿಗೆ ಮೊದಮೊದಲು ಕೈಗೆ ಕೆಲಸವಿಲ್ಲದಂತೆ ಕಸಿವಿಸಿಯಾಯಿತು. ಆಮೇಲೆ ಹಿತವಾಯಿತು. ಅದನ್ನು ಅವನಿಗೆ ಹೇಳಿದರೆ ತಲೆಯ ಮೇಲೆ ಕೂರುತ್ತಾನೆಂದು, "ಉದ್ಯಾನ ಅಂತ ಕರ್ಕಂಡ್ ಬಂದು ಮುಡಿಯಾಕೆ ಒಂದು ಹೂವೂ ಇಲ್ಲ" ಎಂದಳು.

ಅಷ್ಟರಲ್ಲಿ ಬಜ್ಜಿಗಳು ಒಳಗೆ ತಮ್ಮ ಕೆಲಸ ಶುರುಮಾಡಿದ್ದವು. ಮುರುಗೇಶಪ್ಪ ಹೊಟ್ಟೆ ಹಿಡಿದುಕೊಂಡು ಎದ್ದು, ನೀರಿನ ಹಿತ್ತಾಳೆ ಚೊಂಬನ್ನು ಎತ್ತಿಕೊಂಡು ಪೊದೆಗಳ ಕಡೆ ಹೊರಟ. ಚೊಂಬಿನ ಹೊಟ್ಟೆಯ ಮೇಲೆ ಅವನ ಹೆಸರಿತ್ತು. ಪಾತ್ರೆ ಕೊಂಡಾಗಲೆಲ್ಲ ಮಗನ ಹೆಸರು ಕೆತ್ತಿಸುವುದು ಮಹಾದೇವಮ್ಮನ ರೂಢಿ. ಸರ್ವಮಂಗಳಳಿಗೆ ಓದಲು ಬಾರದಿದ್ದರೂ ಆ ಐದು ಅಕ್ಷರಗಳು ಯಾವುವೆಂದು ಗೊತ್ತಿತ್ತು. ದಿನಾ ಅವುಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದವಳು ಅವಳೇ.

"ದೂರ ಹೋಗ್ಬ್ಯಾಡ್ರಿ" ಎಂದಳು.

"ಇಷ್ಟು ಜನ ಕೂತವ್ರೆ, ಹತ್ರ ಹೋಗಾಕಾಗುತ್ತಾ?" ಎಂದು ಅವನು ಮರೆಯಾದ.

ಅರ್ಧ ಗಂಟೆ ಆಯಿತು. ಏಳು ಬಜ್ಜಿಗೆ ಅಷ್ಟು ಹೊತ್ತು ಬೇಕೆಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮುಕ್ಕಾಲು ಗಂಟೆ ಆದಾಗ ಎದ್ದು ನಿಂತು, ಪೊದೆಗಳ ಕಡೆ ತಿರುಗಿ, "ಏನಂದ್ರೇ!" ಎಂದು ಕೂಗಿದಳು.

"ಏನೇ?" ಎಂದು ಬಂಡೆಯ ಹಿಂದಿನಿಂದ ಒಬ್ಬ ಬಂದ. "ಬಂದೆ ಕಣೇ" ಎಂದು ಇನ್ನೊಬ್ಬ ಇಸ್ಪೀಟೆಲೆ ಹಿಡಿದುಕೊಂಡೇ ತಲೆ ಎತ್ತಿದ. ಮೂರನೆಯವನು ಮಲಗಿದ್ದಲ್ಲಿಂದ ಗಾಬರಿಯಾಗಿ ಎದ್ದು ಕೂತ. ನಾಲ್ಕನೆಯವನು ಬಂಡೆಯ ಆಚೆ ತುದಿಯಿಂದ ಓಡಿ ಬರುತ್ತ, "ನಾನೇನ್ ಮಾಡ್ದೆ ಈಗ?" ಎಂದ. ಹೊಸದುರ್ಗದ ಗಂಡಂದಿರೆಲ್ಲ ಓಗೊಟ್ಟರು. ಅವಳ ಗಂಡ ಓಗೊಡಲಿಲ್ಲ.

ವಿಷಯ ತಿಳಿದು, ಕರಡಿಯ ಮಾತು ಬಂದದ್ದೇ ತಡ, ಆ ನಾಲ್ಕು ಜೋಡಿಗಳೂ ಜಮಖಾನೆ ಸುತ್ತಿಕೊಂಡವು. "ಕೆಳಗೆ ಕಾವಲುಗಾರನಿಗೆ ಹೇಳಿ ಕಳಿಸ್ತೀವಿ ಅಮ್ಮ, ಹೆದ್ರಬ್ಯಾಡ್ರಿ" ಎಂದು ತಮ್ಮ ಹೆದರಿಕೆಯನ್ನು ಅವಳಿಗೆ ಬಿಟ್ಟು ದಡದಡ ಇಳಿದುಹೋದರು. ಹೇಳಿ ಕಳಿಸಿದ್ದಂತೂ ನಿಜ. ಚಿಕ್ಕತಿಮ್ಮಪ್ಪ ಏದುಸಿರು ಬಿಡುತ್ತ ಹತ್ತಿ ಬಂದ.

"ಓ ಯಜಮಾನ್ರೇ!" ಎಂದು ಕೂಗಿದ. ಗುಡ್ಡ ಮೂರು ಸಲ ಯಜಮಾನರನ್ನು ಕರೆದು ಸುಮ್ಮನಾಯಿತು. "ಹೆಸ್ರು ಹಿಡ್ದು ಕೂಗ್ಬೇಕು ಕಣವ್ವ. ಕಾಡ್ನಾಗೆ ದಿಕ್ಕು ತಪ್ಪಿದೋರಿಗೆ ಹೆಸ್ರು ಕೇಳಿದ್ರೇ ಜೀವ ಬರೋದು. ಏನ್ ಅವ್ರ ಹೆಸ್ರು?"

"ಪುಸ್ತಕದಾಗೆ ಬರ್ದಾರಲ್ಲ."

"ಬರ್ದಾರೆ. ನಂಗೆ ಓದಾಕೆ ಬರ್ಬೇಕಲ್ಲ."

ಮಕ್ಕಳಿದ್ದಿದ್ದರೆ ಇಂಥವನ ಅಪ್ಪ, ಇಂಥವಳ ಅಪ್ಪ ಎಂದು ಹೇಳಿ ಬಚಾವಾಗಬಹುದಿತ್ತು. ಸರ್ವಮಂಗಳಳಿಗೆ ಆ ದಾರಿಯೂ ಇರಲಿಲ್ಲ. ಕೈ ಹಿಸುಕಿಕೊಳ್ಳುತ್ತ, "ದುರ್ಗದಾಗೆ ದೊಡ್ಡ ಮಠ ಐತಲ್ಲಣ್ಣ, ಹೆಚ್ಚುಕಮ್ಮಿ ಅದೇ ಹೆಸ್ರು" ಎಂದಳು.

"ಮಠದಯ್ಯ?"

"ಅಲ್ಲ. ಆ ಮಠಕ್ಕೆ ಏನಂತಾರೆ?"

"ನಾನು ದುರ್ಗಕ್ಕೆ ಹೋಗಿರೋದು ಒಂದೇ ಸಲ ಕಣವ್ವ, ಅದೂ ಕೋರ್ಟಿಗೆ."

"ಶಿವನ ಮಗ. ಗಣಪತಿ ಅಲ್ಲ, ಇನ್ನೊಬ್ಬ. ನವಿಲಿನ ಮ್ಯಾಲೆ ಕುಂತಿರ್ತಾನೆ ನೋಡು."

ಚಿಕ್ಕತಿಮ್ಮಪ್ಪನ ಮುಖ ಅರಳಿತು. "ನವಿಲಪ್ಪೋ!" ಎಂದು ಕೂಗಿದ. ಸರ್ವಮಂಗಳ ತಲೆ ಚಚ್ಚಿಕೊಂಡಳು. "ಷಣ್ಮುಖಪ್ಪೋ! ಸುಬ್ಬಪ್ಪೋ! ಕುಮಾರಪ್ಪೋ!" ಗುಡ್ಡ ಒಂದೊಂದನ್ನೂ ಮೂರು ಮೂರು ಸಲ ಒಪ್ಪಿಸಿತು. ಆ ಹೆಸರಿನವರು ಯಾರೂ ಆ ಕಾಡಿನಲ್ಲಿ ಇರಲಿಲ್ಲ.

"ಒಂದ್ ಸಲ ಹೇಳ್ಬಿಡವ್ವ, ಯಾರು ಕೇಳ್ತಾರೆ ಇಲ್ಲಿ?" ಎಂದ ಅವನು, ಬೇಸತ್ತು.

"ನಿಂಗೊತ್ತಿಲ್ಲಣ್ಣ. ನಮ್ಮತ್ತೆ ಹೇಳಿ ಕಳ್ಕಂಡ್ಳು."

ಆಗ ಮೇಲಿನಿಂದ ಒಂದು ಸದ್ದು ಬಂತು. ಠಣ್ ಎಂದಿತು, ತಡೆದು ಮತ್ತೆ ಠಣ್ ಎಂದಿತು, ಆಮೇಲೆ ಒಂದರ ಹಿಂದೊಂದು ಠಣ ಠಣ ಎನ್ನುತ್ತ ಬಂಡೆಯಿಂದ ಬಂಡೆಗೆ ಬಡಿಯುತ್ತ ಹಿತ್ತಾಳೆಯ ಚೊಂಬು ಉರುಳಿ ಬಂದು ಅವಳ ಕಾಲ ಬಳಿ ಮಗುಚಿ ನಿಂತಿತು. ಒಳಗೆ ಒಂದು ಹನಿ ನೀರಿರಲಿಲ್ಲ. ಮೈಯೆಲ್ಲ ತಗ್ಗು ಬಿದ್ದಿತ್ತು. ಐದು ಅಕ್ಷರ ಮಾತ್ರ ಹಾಗೇ ಇದ್ದವು.

ಸರ್ವಮಂಗಳ ಚೊಂಬನ್ನು ನೋಡಿದಳು. ಆ ಹೊತ್ತಿನಲ್ಲಿ ಹೊರಕೆರೆದೇವಪುರದ ಸ್ವಾಮಿ ಅವಳ ಬಾಯಿಗೆ ಬರಲಿಲ್ಲ. ಗಂಗಮ್ಮ ಬರಲಿಲ್ಲ, ಕೆಳಗೆ ಕೂಗಿದರೆ ಕೇಳುವಷ್ಟು ದೂರದಲ್ಲಿದ್ದ ಮಾರಮ್ಮನೂ ಬರಲಿಲ್ಲ. ಇಪ್ಪತ್ತೆರಡು ವರ್ಷ ಹಲ್ಲಿನ ಹಿಂದೆ ಕಟ್ಟಿಹಾಕಿದ್ದ ಒಂದೇ ಒಂದು ಹೆಸರು ಬಂತು.

"ಮುರುಗೇಶಪ್ಪಾ!"

ಎದುರಿನ ಗುಡ್ಡ ಮುರುಗೇಶಪ್ಪ ಎಂದಿತು. ನೀರಿನಾಚೆಯ ಗುಡ್ಡ ಮುರುಗೇಶಪ್ಪ ಎಂದಿತು. ಅವಳು ಎರಡೂ ಕೈ ಬಾಯಿಗೆ ಹಿಡಿದು ಮತ್ತೆ ಕೂಗಿದಳು. ಒಂದು ಸಲ ಕಟ್ಟೆ ಒಡೆದ ಮೇಲೆ ನಿಲ್ಲಿಸುವುದು ಅವಳ ಕೈಯಲ್ಲಿರಲಿಲ್ಲ. ಮುರುಗೇಶಪ್ಪ, ಎಲ್ಲಿದ್ದೀರಿ ಮುರುಗೇಶಪ್ಪ, ಬರ್ರಿ ಮುರುಗೇಶಪ್ಪ ಎಂದು ಗಂಟಲು ಹರಿಯುವಂತೆ ಕೂಗಿದಳು. ಕೂಗುತ್ತ ಕೂಗುತ್ತ ಭಯ ಹೋಗಿ ಕೋಪ ಬಂತು. ಬುತ್ತಿ ಇದೆ ಎಂದರೂ ಬಜ್ಜಿ ತಿಂದವನ ಮೇಲೆ, ದೂರ ಹೋಗಬೇಡ ಎಂದರೂ ಹೋದವನ ಮೇಲೆ, ತನ್ನನ್ನು ಈ ಮುಳ್ಳಿನ ಗುಡ್ಡದಲ್ಲಿ ಒಂಟಿ ಬಿಟ್ಟು ಹೋಗುವ ಯೋಚನೆಯಿದ್ದರೆ ಆ ಯೋಚನೆಯ ಮೇಲೆ ಕೋಪ ಬಂತು. "ಲೇ ಮುರುಗೇಶಪ್ಪಾ! ಬಂದ್ಯಾ ಸರಿ, ಇಲ್ಲಾಂದ್ರೆ ನಾನೇ ಬರ್ತೀನಿ ನೋಡು!" ಎಂದಳು. ಚಿಕ್ಕತಿಮ್ಮಪ್ಪ ಎರಡು ಹೆಜ್ಜೆ ಹಿಂದೆ ಸರಿದ.

ಮೇಲೆ ಪೊದೆಗಳು ಮುರಿದ ಸದ್ದಾಯಿತು. ಕರಿಯ ಗಂಟೊಂದು ಅಡ್ಡಾದಿಡ್ಡಿ ಓಡಿ ಗುಡ್ಡದ ಆಚೆ ಬದಿಗೆ ಇಳಿದುಹೋಯಿತು. ಸ್ವಲ್ಪ ಹೊತ್ತಾದ ಮೇಲೆ, ಅದೇ ದಾರಿಯಲ್ಲಿ, ಪಂಚೆಯ ಅರ್ಧವನ್ನು ಕಾರೆಮುಳ್ಳಿಗೆ ದಾನ ಮಾಡಿ, ಮೊಣಕಾಲು ತರಚಿಕೊಂಡ ಮುರುಗೇಶಪ್ಪ ಇಳಿದು ಬಂದ. ಬಲಗೈಯಲ್ಲಿ ಹಳದಿ ತಂಗಡಿ ಹೂವಿನ ಒಂದು ಗೊಂಚಲು ಹಿಡಿದಿದ್ದ.

ನಡೆದದ್ದು ಇಷ್ಟು. ಅವನು ಬಂದ ಕೆಲಸ ಮುಗಿಸಿದ ಮೇಲೆ ಮೇಲೆಲ್ಲೋ ಹಳದಿ ಕಂಡು ಹತ್ತಿದ್ದ. ಹೂ ಕಿತ್ತು ತಿರುಗಿದರೆ ಕೆಳಗೆ ಬೋರೆಗಿಡದಲ್ಲಿ ಕರಡಿ. ಅಲ್ಲೇ ಇದ್ದ ಗುಂಡುಕಲ್ಲಿನ ಮೇಲೆ ಹತ್ತಿ ಉಸಿರು ಬಿಗಿಹಿಡಿದು ಕೂತ. ನವಿಲಪ್ಪ ಎಂದು ಯಾರೋ ಕೂಗಿದ್ದು ಕೇಳಿಸಿತಂತೆ, ತನ್ನಂತೆ ಇನ್ನೂ ಯಾರೋ ಕಳೆದುಹೋಗಿದ್ದಾರೆಂದು ಸ್ವಲ್ಪ ಸಮಾಧಾನವೂ ಆಯಿತಂತೆ. ಆಮೇಲೆ ಕೈಯಿಂದ ಚೊಂಬು ಜಾರಿತು. ಕರಡಿ ಮೂತಿ ಎತ್ತಿ ನೋಡಿತು. ಹತ್ತಿರ ಬಂದು ಕಲ್ಲಿಗೆ ಎರಡೂ ಕೈ ಊರಿತು. ಅಷ್ಟರಲ್ಲಿ ನಾಲ್ಕು ದಿಕ್ಕಿನಿಂದ ಅವನ ಹೆಸರು ಬಂತು. ಕರಡಿ ಈ ಕಡೆ ನೋಡಿತು, ಆ ಕಡೆ ನೋಡಿತು, ಎಲ್ಲ ಕಡೆಯಿಂದಲೂ ಹೆಂಗಸರು ಬರುತ್ತಿದ್ದಾರೆಂದು ತಿಳಿದು ಓಡಿಹೋಯಿತು.

"ತಗ" ಎಂದು ಅವನು ಹೂ ಚಾಚಿದ. "ಮುಡಿಯಾಕೆ ಇಲ್ಲ ಅಂದೆಯಲ್ಲ."

ಸರ್ವಮಂಗಳಳಿಗೆ ಅವನನ್ನು ತಬ್ಬಿಕೊಂಡು ಅಳಬೇಕೆನಿಸಿತು. ಚಿಕ್ಕತಿಮ್ಮಪ್ಪ ನಿಂತಿದ್ದ. ಅದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯವೂ ಇತ್ತು.

"ಕೈ ತೊಳ್ಕಂಡಿದ್ರಾ?"

ಮುರುಗೇಶಪ್ಪ ಹೂವನ್ನು ನೋಡಿ, ಖಾಲಿ ಚೊಂಬನ್ನು ನೋಡಿದ.

"ಮೊದ್ಲು ನೀರಿಗೆ ನಡೀರಿ" ಎಂದು ಅವಳು ಅವನನ್ನು ಮುಂದೆ ಬಿಟ್ಟುಕೊಂಡು ಇಳಿದಳು. ಹಿನ್ನೀರಿನಲ್ಲಿ ಅವನ ಕೈ ತೊಳೆಸಿ, ಹೂವನ್ನು ಮೂರು ಸಲ ಅದ್ದಿ ತೆಗೆದು, ಕೊಡವಿ, ಮುಡಿದುಕೊಂಡಳು.

ಐದು ಗಂಟೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬಸ್ಸು ಹೊರಟು ನೀರು ಮರೆಯಾಯಿತು. ಮುರುಗೇಶಪ್ಪ ಕರಡಿಯ ಕಥೆಯನ್ನು ಕಂಡಕ್ಟರಿಗೂ ಹೇಳಲಿಲ್ಲ. ಆಗಾಗ ಬೆರಳು ಮಡಿಸಿ ಏನೋ ಲೆಕ್ಕ ಹಾಕುವುದು, ಹೆಂಡತಿಯತ್ತ ನೋಡುವುದು, ಮತ್ತೆ ಮಡಿಸುವುದು ಮಾಡುತ್ತಿದ್ದ. ಅವನಪ್ಪ ಹೋದದ್ದು ಐವತ್ತೆರಡನೇ ವಯಸ್ಸಿಗೆ. ಅವನಿಗೆ ಈಗ ನಲವತ್ತಾರು.

"ಲೇ" ಎಂದ ಕೊನೆಗೆ, ಯಾರಿಗೂ ಕೇಳಿಸದಂತೆ. "ಎಷ್ಟ್ ಸಲ ಕೂಗ್ದೆ?"

"ಏನು?"

"ಅದೇ. ಹೆಸ್ರು."

ಸರ್ವಮಂಗಳ ತಿರುಗಿ ಅವನ ಮುಖ ನೋಡಿದಳು. ಹಲ್ಲಿ ಶಕುನಕ್ಕೆ ನಗುವವನು, ಸ್ವಂತ ಅಮ್ಮನ ಮಾತಿಗೆ ನಕ್ಕವನು, ಇಪ್ಪತ್ತೆರಡು ವರ್ಷ ತನ್ನನ್ನು ಆಡಿಕೊಂಡವನು, ಈಗ ಬೆರಳು ಮಡಿಸಿಕೊಂಡು ಕೂತಿದ್ದ. ಈಗ ನಗುವ ಸರದಿ ಅವಳದು. ಅವಳಿಗೆ ಮನಸ್ಸಾಗಲಿಲ್ಲ.

"ನಾನು ಕೂಗಿದ್ದು ಒಂದೇ ಸಲ" ಎಂದಳು. "ಮಿಕ್ಕಿದ್ದೆಲ್ಲ ಗುಡ್ಡ ಕೂಗಿದ್ದು."

ಅವನು ಯೋಚಿಸಿದ. "ನಡುವೆ ಒಂದ್ ಸಲ ಲೇ ಅಂದಂಗಿತ್ತು."

"ಅದೂ ಗುಡ್ಡನೇ."

ಮುರುಗೇಶಪ್ಪ ಮಡಿಸಿದ ಬೆರಳುಗಳನ್ನು ಬಿಚ್ಚಿದ. ಗುಡ್ಡದ್ದು ಲೆಕ್ಕಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಹಿರಿಯೂರು ಬರುವುದರೊಳಗೆ ಅವಳ ಹೆಗಲಿಗೆ ತಲೆಯಿಟ್ಟು ಗೊರಕೆ ಹೊಡೆಯತೊಡಗಿದ.

ಹೊರಗೆ ಬಿಸಿಲು ಇಳಿಯುತ್ತಿತ್ತು. ಸರ್ವಮಂಗಳ ತಗ್ಗು ಬಿದ್ದ ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಆ ಐದು ಅಕ್ಷರಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದಳು. ಸುತ್ತ ನೋಡಿ, ತುಟಿ ಅಲ್ಲಾಡಿದೆಯೋ ಇಲ್ಲವೋ ಎಂಬಷ್ಟು ಮೆಲ್ಲಗೆ, "ಮುರುಗೇಶಪ್ಪ" ಎಂದಳು.

ಕಿವಿಗೊಟ್ಟು ಕೂತಳು. ಗೊರಕೆ ನಿಲ್ಲಲಿಲ್ಲ.